ಎಡಕ್ಕೆ ಸರಿದ ಚುಕ್ಕೆಗಳು

ಅಲ್ಯೂಮಿನಿಯಂ ಊಟದ ಡಬ್ಬಿಯ ಮುಂಭಾಗದಲ್ಲಿ ಎರಡು ಗುಂಡಿಗಳಿವೆ. ಬಲಗಡೆಯದು ದನಿ ಏರಿಸಲು, ಇಳಿಸಲು. ಎಡಗಡೆಯ ಗುಂಡಿಯ ಸುತ್ತ, ಗಡಿಯಾರದಲ್ಲಿ ಹನ್ನೆರಡು ಇರುವ ಜಾಗದ ಪಕ್ಕದಿಂದ ಶುರುವಾಗಿ ಎಡಕ್ಕೆ ಇಳಿಯುತ್ತ, ಕೆಂಪು ಉಗುರುಬಣ್ಣದ ಚುಕ್ಕೆಗಳಿವೆ. ಒಂದೂ ಸಾಸಿವೆ ಕಾಳಿಗಿಂತ ದೊಡ್ಡದಿಲ್ಲ. ಮೊದಮೊದಲಿನವು ಒತ್ತೊತ್ತಾಗಿವೆ, ಆಮೇಲಿನವು ದೂರ ದೂರ. ಕೊನೆಯದು ಬಣ್ಣ ತೀರುತ್ತ ಬಂದಾಗ ಇಟ್ಟದ್ದಿರಬೇಕು, ಬಹಳ ತೆಳುವಾಗಿದೆ. ಗುಂಡಿಯ ಮೇಲಿನ ಬಿಳಿ ಗೆರೆ ಆ ಚುಕ್ಕೆಯನ್ನೂ ದಾಟಿ ಸ್ವಲ್ಪ ಆಚೆ ನಿಂತಿದೆ. ಅಲ್ಲಿ ಚುಕ್ಕೆಯಿಲ್ಲ.

ಡಬ್ಬಿಯ ಮುಚ್ಚಳದ ಮೇಲೆ ಪಾತ್ರೆ ಅಂಗಡಿಯವರು ಕೊರೆದ ಹೆಸರಿದೆ. ಅದನ್ನು ಇಲ್ಲಿ ಬರೆಯುವುದಿಲ್ಲ. ಹೆಸರು ಹಿಡಿದು ಕರೆಸಿಕೊಳ್ಳುವುದು ಅವರಿಗೆ ಇಷ್ಟವಿರಲಿಲ್ಲ. ಶಾಲೆಯಲ್ಲಿ ಟೀಚರ್, ಓಣಿಯಲ್ಲಿ ಟೀಚರಮ್ಮ, ಅಷ್ಟರಲ್ಲೇ ಅವರ ಎಲ್ಲ ವ್ಯವಹಾರ ನಡೆಯುತ್ತಿತ್ತು. ಹುಮನಾಬಾದಿನ ಹೈಸ್ಕೂಲಿನಲ್ಲಿ ನಮಗೆ ವಿಜ್ಞಾನ ಕಲಿಸಿದವರು ಅವರು. ಹೋದ ಚಳಿಗಾಲದಲ್ಲಿ ತೀರಿಕೊಂಡರು. ಮಣ್ಣು ಆದದ್ದು ಅವರ ತಮ್ಮನ ಊರು ಹುಲಸೂರಿನಲ್ಲಿ. ನನಗೆ ಸುದ್ದಿ ತಲುಪುವಷ್ಟರಲ್ಲಿ ಎಲ್ಲ ಮುಗಿದಿತ್ತು.

ಉಗುರುಬಣ್ಣದ ಬಗ್ಗೆ ಹೇಳಬೇಕು. ಅದು ಅವರದಲ್ಲ. ನಮ್ಮ ತರಗತಿಯಲ್ಲಿ ಹಿಂದಿನ ಬೆಂಚಿನ ಹುಡುಗಿಯೊಬ್ಬಳು ಪಾಠದ ನಡುವೆ ಬಣ್ಣ ಹಚ್ಚಿಕೊಳ್ಳುತ್ತಿದ್ದಾಗ ಬಾಟಲಿ ಕಿತ್ತುಕೊಂಡಿದ್ದರು. ವರ್ಷದ ಕೊನೆಗೆ ವಾಪಸು ಕೊಡುತ್ತೇನೆಂದು ಹೇಳಿ, ನಿಜಕ್ಕೂ ಕೊಡಲು ಹೋದಾಗ ಆ ಹುಡುಗಿಯೇ ನಾಚಿಕೊಂಡು ಬೇಡ ಅಂದಳಂತೆ. ಅಂದಿನಿಂದ ಅದು ಅವರ ಸಾಮಾನಿನ ಪೆಟ್ಟಿಗೆಯಲ್ಲಿ ಸ್ಕ್ರೂ ಡ್ರೈವರುಗಳ ಪಕ್ಕ ಇತ್ತು. ತಂತಿಗಳಿಗೆ ಗುರುತು ಹಾಕಲು ಅದಕ್ಕಿಂತ ಒಳ್ಳೆಯದು ಇಲ್ಲವೆಂದು ಅವರ ಮತ. ಒಣಗಿದರೆ ಅಳಿಸುವುದಿಲ್ಲ. ತಮ್ಮ ಉಗುರಿಗೆ ಅವರು ಎಂದೂ ಹಚ್ಚಿಕೊಂಡವರಲ್ಲ.

ನಾನು ತರಗತಿಯಲ್ಲಿ ಇದ್ದೂ ಇಲ್ಲದಂತಿದ್ದ ಹುಡುಗಿ. ಹೆಸರು ಕೂಗಿದಾಗ ನನ್ನ ‘ಹಾಜರ್’ ಯಾರಿಗೂ ಕೇಳುತ್ತಿರಲಿಲ್ಲ. ಶಬ್ದದ ಪಾಠ ಬಂದ ದಿನ ಟೀಚರ್ ನನ್ನನ್ನೇ ಮುಂದೆ ಕರೆದು, ಕುರ್ಚಿಯ ಮೇಲೆ ಕೂರಿಸಿ, ಕಣ್ಣಿಗೆ ಕರವಸ್ತ್ರ ಕಟ್ಟಿದರು. ಆಮೇಲೆ ಕಪಾಟಿನ ಕೀಲಿಗೊಂಚಲನ್ನು ಹಿಡಿದು ತರಗತಿಯಲ್ಲಿ ಚಪ್ಪಲಿ ಬಿಟ್ಟು ಓಡಾಡಿದರು. ಕೀಲಿಗಳು ಒಮ್ಮೆ ಎಡಕ್ಕೆ, ಒಮ್ಮೆ ಬೆನ್ನ ಹಿಂದೆ, ಒಮ್ಮೆ ಕಿಟಕಿಯ ಹತ್ತಿರ ಅಲುಗುತ್ತಿದ್ದವು. ನಾನು ಬೆರಳು ತೋರಿಸುತ್ತ ಹೋದೆ. ಒಂದೂ ತಪ್ಪಲಿಲ್ಲವೆಂದು ಹುಡುಗಿಯರ ಗದ್ದಲದಿಂದ ತಿಳಿಯಿತು.

“ದೇವರು ಎರಡು ಕಿವಿ ಕೊಟ್ಟದ್ದು ಎರಡು ಸಲ ಕೇಳಾಕಲ್ಲ,” ಅಂದರು ಟೀಚರ್. “ಎಲ್ಲಿಂದ ಬಂತು ಅಂತ ತಿಳ್ಕೊಳ್ಳಾಕ. ಒಂದು ಕಿವಿಗಿ ದನಿ ತಿಳೀತದ, ದಿಕ್ಕು ತಿಳಿಯಂಗಿಲ್ಲ.”

ನಾನು ಮುಂದೆ ಕಲಬುರಗಿಯಲ್ಲಿ ಎಲೆಕ್ಟ್ರಾನಿಕ್ಸ್ ಎಂ.ಎಸ್ಸಿ. ಮಾಡಲು ಆ ಕೀಲಿಗೊಂಚಲು ಕಾರಣವೆಂದು ಹೇಳಿದರೆ ಅತಿಯಾದೀತು. ಆದರೆ ಬೇರೆ ಕಾರಣ ಹುಡುಕಿದರೂ ಸಿಗುವುದಿಲ್ಲ.

ಅವರಿಗೊಂದು ಪದ್ಧತಿ ಇತ್ತು. ಮೇಜಿನ ಕೆಳಗೆ ಒಂದು ಹಲಗೆ, ಅದರ ಮೇಲೆ ಹೋಲ್ಡರಿನಲ್ಲಿ ಹಳೆಯ ಕಾಲದ ಬಲ್ಬು, ಪಕ್ಕದಲ್ಲಿ ಪ್ಲಗ್ ಹಾಕುವ ಜಾಗ. ಕೆಟ್ಟ ರೇಡಿಯೋ, ಟೇಪ್ ರೆಕಾರ್ಡರ್, ಶಾಲೆಯ ಕರೆಂಟಿನ ಗಂಟೆ, ಯಾವುದನ್ನು ರಿಪೇರಿ ಮಾಡಿದರೂ ಮೊದಲ ಸಲ ನೇರ ಗೋಡೆಗೆ ಹಚ್ಚುತ್ತಿರಲಿಲ್ಲ. ಆ ಹಲಗೆಗೆ ಹಚ್ಚುತ್ತಿದ್ದರು. ಒಳಗೆ ಎಲ್ಲಾದರೂ ತಂತಿಗೆ ತಂತಿ ತಾಗಿದ್ದರೆ ಬಲ್ಬು ಝಗ್ಗನೆ ಉರಿಯುತ್ತದೆ, ಸಾಮಾನು ಉಳಿಯುತ್ತದೆ. ಬಲ್ಬು ಸುಮ್ಮನಿದ್ದರೆ ಎಲ್ಲ ಸರಿ ಇದೆ ಎಂದರ್ಥ. ಇದಕ್ಕೆ ಅವರು ಬಲ್ಬಿಗೆ ಕೇಳುವುದು ಅನ್ನುತ್ತಿದ್ದರು. ಮಾತು ಹಲಗೆಯಿಂದಾಚೆಗೂ ಹೋಗಿತ್ತು. ಹೆಡ್‌ಮಾಸ್ತರರು ಏನಾದರೂ ಹೊಸ ಕೆಲಸ ಹಚ್ಚಿದರೆ ಬಲ್ಬಿಗೆ ಕೇಳಿ ಹೇಳುತ್ತೇನೆ ಅನ್ನುವರು. ಬಹಳ ವರ್ಷಗಳ ಮೇಲೆ ನನಗೊಂದು ಸಂಬಂಧ ಬಂದಾಗಲೂ ಬಲ್ಬಿಗೆ ಕೇಳಿದೆಯಾ ಅಂದರು. ನಾನು ಮಾತು ಬದಲಿಸಿದೆ. ಅವರು ಮತ್ತೆ ಕೇಳಲಿಲ್ಲ. ನಮ್ಮಿಬ್ಬರ ನಡುವೆ ಇದ್ದ ಸಲುಗೆ ಆ ಜಾತಿಯದು.

ಅಷ್ಟರಲ್ಲಿ ನಮ್ಮ ಮನೆ ಪಕ್ಕದ ತಾಲೂಕಿನ ಕಲ್ಯಾಣಕ್ಕೆ ಬದಲಾಗಿತ್ತು. ನಾನು ಅಲ್ಲಿಯ ಕಾಲೇಜಿನಲ್ಲಿ ಕಲಿಸತೊಡಗಿದ್ದೆ. ಏನೋ ಕೆಲಸಕ್ಕೆಂದು ಹುಮನಾಬಾದಿಗೆ ಹೋದ ಒಂದು ದಿನ ಬಸ್‌ಸ್ಟ್ಯಾಂಡಿನ ಹತ್ತಿರ ಟೀಚರ್ ಸಿಕ್ಕರು. ನಿವೃತ್ತರಾಗಿದ್ದರು, ಕೂದಲು ಪೂರ್ತಿ ಬೆಳ್ಳಗಾಗಿತ್ತು. ಜೊತೆಗೆ ನಡೆಯುವಾಗ ನಾನು ಅವರ ಎಡಕ್ಕಿದ್ದೆ. ನಾಲ್ಕು ಹೆಜ್ಜೆ ಹೋಗುವುದರೊಳಗೆ ಅವರು ನನ್ನ ಹಿಂದಿನಿಂದ ಬಂದು ನನ್ನನ್ನು ಬಲಕ್ಕೆ ಮಾಡಿಕೊಂಡರು. ಸೀರೆಯ ಸೆರಗು ಸರಿಮಾಡಿಕೊಳ್ಳುವ ನೆಪ. ಹೈವೇ ದಾಟುವಾಗ ನಿಂತು ಎರಡೂ ಕಡೆ ನೋಡಿದರು, ಮತ್ತೆ ನೋಡಿದರು, ಆಮೇಲೆ ನನ್ನ ಮೊಳಕೈ ಹಿಡಿದರು. ಮುಟ್ಟಿ ಮಾತಾಡಿಸುವವರಲ್ಲ ಅವರು. ನಾನು ಗಮನಿಸಿದೆ.

ರಸ್ತೆಯ ಆಚೆ ಹೋದ ಮೇಲೆ ಅವರೇ ಒಂದು ಪ್ರಶ್ನೆ ಕೇಳಿದರು. ಈಗ ಅಂಗೈಯಗಲದ ಸರ್ಕ್ಯೂಟ್ ಹಲಗೆಯ ಮೇಲೆ ಡಿಜಿಟಲ್ ಆಂಪ್ಲಿಫೈಯರ್ ಬರುತ್ತದಂತೆ, ಬಿಸಿಯೇ ಆಗುವುದಿಲ್ಲವಂತೆ, ಹೌದೇ? ನಾನು ಸಂಕೋಚದಿಂದಲೇ ವಿವರಿಸಿದೆ. ಹಳೆಯ ಆಂಪ್ಲಿಫೈಯರಿನಲ್ಲಿ ಕರೆಂಟು ನೀರಿನ ನಳದಂತೆ ಹೆಚ್ಚು ಕಡಿಮೆ ಆಗುತ್ತಿತ್ತು. ಇದರಲ್ಲಿ ನಳ ಪೂರ್ತಿ ತೆರೆದಿರುತ್ತದೆ, ಇಲ್ಲವೇ ಪೂರ್ತಿ ಮುಚ್ಚಿರುತ್ತದೆ. ಕಿವಿಗೆ ತಿಳಿಯದಷ್ಟು ಬೇಗ ತೆರೆದು ಮುಚ್ಚಿ, ಎಷ್ಟು ಹೊತ್ತು ತೆರೆದಿತ್ತು ಅನ್ನುವುದರಲ್ಲೇ ಹಾಡು ಇರುತ್ತದೆ.

“ಅಂದ್ರ ಹೌದು, ಅಲ್ಲ, ಹೌದು, ಅಲ್ಲ ಅನ್ಕೋತನ ಹಾಡತದೇನು?”

“ಹೌದ್ರಿ ಟೀಚರ್.”

“ನನ್ನ ನೋಡಾಕ ಬಂದವ್ರ ಹಂಗ,” ಅಂದರು ಮುಖದಲ್ಲಿ ಏನೂ ತೋರಿಸದೆ. “ಹಾಡು ಮಾತ್ರ ಹೊರಗ ಬರಲಿಲ್ಲ.”

ಅವರು ಮದುವೆಯಾಗಿರಲಿಲ್ಲ. ಆ ವಿಷಯದ ಬಗ್ಗೆ ನಾನು ಅವರಿಂದ ಕೇಳಿದ್ದು ಅದೊಂದೇ ಮಾತು.

ಅವರ ಮನೆ ಎರಡು ಕೋಣೆಯದು. ಹೊರಗಿನ ಕೋಣೆಯ ಗೋಡೆಗೆ ಹಳೆಯ ಕಾಲದ ದೀಪದ ಗೂಡು, ಅದರ ಎರಡೂ ಬದಿಗೆ ಮರದ ಎರಡು ಸ್ಪೀಕರ್ ಡಬ್ಬಿಗಳು. ನೌಕರಿಯ ಮೊದಲ ವರ್ಷಗಳಲ್ಲಿ ಸೊಲ್ಲಾಪುರದಿಂದ ತರಿಸಿದಂಥವು. ಅವುಗಳಿಗೆ ಜೋಡಿಯಾಗಿದ್ದ ಆಂಪ್ಲಿಫೈಯರ್ ಸತ್ತು ಬಹಳ ದಿನವಾಗಿತ್ತು. ಒಳಗೆ ಕೂತ ಮೇಲೆ ಟೀಚರ್ ಕಪಾಟಿನ ಕೀಲಿಗೊಂಚಲು ತಂದು ನನ್ನ ಕೈಗಿಟ್ಟರು. ಕಣ್ಣು ಮುಚ್ಚಿ ಕುಳಿತರು.

“ಓಡ್ಯಾಡು,” ಅಂದರು.

ನಾನು ಚಪ್ಪಲಿ ಹೊರಗೇ ಬಿಟ್ಟಿದ್ದೆ. ಅವರ ಎಡಕ್ಕೆ ಹೋಗಿ ಕೀಲಿ ಅಲುಗಿಸಿದೆ. ಅವರು ಬಲಕ್ಕೆ ಬೆರಳು ತೋರಿಸಿದರು. ಹಿಂದೆ ಹೋದೆ, ಬಲಕ್ಕೇ ತೋರಿಸಿದರು. ಕಿಟಕಿಯ ಹತ್ತಿರ ಹೋದೆ. ಮತ್ತೆ ಬಲಕ್ಕೇ. ನಾನು ನಿಂತುಬಿಟ್ಟೆ. ಕಣ್ಣು ತೆರೆದು ನನ್ನ ಮುಖ ನೋಡಿ, ನನಗೆ ಧೈರ್ಯ ಹೇಳುವವರಂತೆ ಅವರೇ ಮಾತಾಡಿದರು. ಎಡಗಿವಿಯ ನರ ಒಣಗುತ್ತಿದೆ ಎಂದು ಡಾಕ್ಟರು ಹೇಳಿದ್ದರು. ಮಶೀನು ಹಾಕಿ ನೋಡಿ ಆಗಿತ್ತು, ಅದು ಸೀಟಿ ಹೊಡೆಯುತ್ತಿತ್ತಂತೆ. ಕೆಲವು ದಿನ ಕಿವಿ ತಾನಾಗಿ ಸ್ವಲ್ಪ ತೆರೆಯುತ್ತದೆ, ಕೆಲವು ದಿನ ಇಲ್ಲ. ಒಂದಿಲ್ಲೊಂದು ದಿನ ಪೂರ್ತಿ ಮುಚ್ಚುತ್ತದೆ. ಎಂದು ಅನ್ನುವುದನ್ನು ಯಾರೂ ಹೇಳಲಾರರು.

“ಅಷ್ಟ್ರೊಳಗ ಒಮ್ಮಿ,” ಅಂದು, ಎರಡು ಸ್ಪೀಕರುಗಳ ನಡುವಿನ ಗೂಡಿನ ಕಡೆ ಕೈ ಮಾಡಿದರು. “ಅಲ್ಲಿ ಡಬ್ಬಿ ಇಲ್ಲ. ಏನೂ ಇಲ್ಲ. ಆದ್ರ ಎರಡೂ ಕಿವಿ ಇದ್ರ ಹಾಡಾಕಿ ಅಲ್ಲೇ ಬಂದು ನಿಂದ್ರತಾಳ. ಒಮ್ಮಿ ಆಕಿನ್ನ ಅಲ್ಲಿ ನಿಂದ್ರಿಸಬೇಕಾಗ್ಯದ.”

ಹೀಗೆ ಭಾನುವಾರಗಳ ಕೆಲಸ ಶುರುವಾಯಿತು. ಆಂಪ್ಲಿಫೈಯರಿನ ಹಲಗೆಯನ್ನು ನಾನು ತರಿಸಿದೆ. ಕರೆಂಟಿಗೆ ನನ್ನ ಹಳೆಯ ಲ್ಯಾಪ್‌ಟಾಪಿನ ಚಾರ್ಜರ್ ಆಯಿತು. ಪೆಟ್ಟಿಗೆಗೆ ಅವರು ಶಾಲೆಗೆ ಒಯ್ಯುತ್ತಿದ್ದ ಊಟದ ಡಬ್ಬಿಯನ್ನೇ ತೆಗೆದರು. ಎಷ್ಟು ತಿಕ್ಕಿದರೂ ಮಾವಿನಕಾಯಿ ಉಪ್ಪಿನಕಾಯಿಯ ವಾಸನೆ ಹೋಗಲಿಲ್ಲ. ಇವತ್ತೂ ಆಂಪ್ಲಿಫೈಯರ್ ಬೆಚ್ಚಗಾದಾಗ ಸ್ವಲ್ಪ ಬರುತ್ತದೆ. ಬಲ್ಬಿನ ಹಲಗೆ ಈ ಸಣ್ಣ ಕರೆಂಟಿಗೆ ದೊಡ್ಡದಾಯಿತೆಂದು ಮೋಟಾರ್ ಸೈಕಲ್ಲಿನ ಇಂಡಿಕೇಟರ್ ಬಲ್ಬು ಹಾಕಿ ಅದರ ಮರಿಯೊಂದನ್ನು ಮಾಡಿದರು. ಅವರ ಕೈ ನಡುಗುತ್ತಿರಲಿಲ್ಲ. ಬೆಸುಗೆ ಹಾಕುವಾಗ ಮಾತ್ರ ನಾಲಿಗೆಯ ತುದಿ ಹೊರಬರುತ್ತಿತ್ತು.

ಪಕ್ಕದ ಮನೆಯಲ್ಲಿ ಬಟ್ಟೆ ಹೊಲಿಯುವ ಖಾಲಾ ಇದ್ದರು. ಖಾಲಾ ಅಂದರೆ ಚಿಕ್ಕಮ್ಮ, ಓಣಿಗೆಲ್ಲ ಅವರು ಖಾಲಾನೇ. ಚಹಾದ ಹೊತ್ತಿಗೆ ಬಂದು ಹೊಸ್ತಿಲ ಮೇಲೆ ಕುಳಿತು, ನಾವು ಡಬ್ಬಿಗೆ ತೂತು ಕೊರೆಯುವುದನ್ನು ನೋಡುವರು.

“ಟೀಚರಮ್ಮಾ, ರಿಟೈರ್ ಆದ ಮ್ಯಾಲ ರೊಟ್ಟಿ ಬಿಟ್ಟು ಹಾಡ ಕಟ್ಕೊಂಡು ಹೋಗ್ತೀರೇನ್ರಿ ಸಾಲಿಗಿ?”

“ರೊಟ್ಟಿ ಹಳಸ್ತದ ಖಾಲಾ. ಹಾಡು ಹಳಸಂಗಿಲ್ಲ.”

“ನಿಮ್ಮ ಕೈ ರೊಟ್ಟಿ ಹಳಸೋದು ಬ್ಯಾಡ ಬಿಡ್ರಿ, ಸುಡೋವಾಗ್ಲೇ ಹಂಗಿರ್ತದ.”

ಅದು ಕಬ್ಬಿನ ಕಾಲ. ಹಳ್ಳಿಖೇಡದ ಫ್ಯಾಕ್ಟರಿಯ ಕಡೆ ಹೋಗುವ ಟ್ರ್ಯಾಕ್ಟರುಗಳು ಕಿಟಕಿಯ ಸರಳು ಅಲುಗುವಷ್ಟು ಜೋರಾಗಿ ಹಾಡು ಹಾಕಿಕೊಂಡು ಹೋಗುತ್ತಿದ್ದವು. ಟೀಚರ್ ಕೆಲಸ ನಿಲ್ಲಿಸಿ ಅದು ದಾಟುವವರೆಗೆ ಕಾಯುವರು. ಎರಡು ಸ್ಪೀಕರಿನಿಂದಲೂ ಒಂದೇ ದನಿ ಬರುತ್ತದೆ, ಜೋಡಿ ಎತ್ತು ಕಟ್ಟಿ ಒಂದೇ ನೊಗ ಎಳೆದಂತೆ, ಅನ್ನುವುದು ಅವರ ತಕರಾರು. ಸದ್ದಿನ ಬಗ್ಗೆ ತಕರಾರಿರಲಿಲ್ಲ.

ಎಲ್ಲ ಮುಗಿದಿತ್ತು. ಸ್ಪೀಕರಿನ ತಂತಿ ಹಚ್ಚುವುದಷ್ಟೇ ಉಳಿದಿತ್ತು. ಅದನ್ನು ಮುಂದಿನ ಭಾನುವಾರಕ್ಕೆ ಬಿಟ್ಟು ನಾನು ಊರಿಗೆ ಬಂದಿದ್ದೆ. ಆ ಭಾನುವಾರ ಬೆಳಿಗ್ಗೆ ನಾನು ಹೊರಡುವ ಮೊದಲೇ ಅವರ ಫೋನು ಬಂತು.

“ಇವತ್ತು ಕಿವಿ ತೆರೆದದ. ಹಾಲಿನವನ ಗಂಟಿ ಎಡಕ್ಕ ಕೇಳ್ತು, ಎಡಕ್ಕೇ. ಜಲ್ದಿ ಬಾ.”

ಅವರ ದನಿಯಲ್ಲಿ ಅಂಥ ಆತುರವನ್ನು ನಾನು ಹಿಂದೆ ಕೇಳಿರಲಿಲ್ಲ. ಬಸ್ಸು ಸಿಕ್ಕಿತು, ಆದರೆ ದಾರಿಯಲ್ಲಿ ಕಬ್ಬಿನ ಟ್ರೇಲರ್ ಒಂದು ಅಡ್ಡ ಮಗುಚಿ ಬಸ್ಸುಗಳು ಸಾಲಾಗಿ ನಿಂತಿದ್ದವು. ಇಳಿದು ನಡೆಯಲಾರದಷ್ಟು ದೂರ. ಹುಮನಾಬಾದ್ ತಲುಪಿದಾಗ ಮಧ್ಯಾಹ್ನವಾಗಿತ್ತು. ಮನೆಯ ಬಾಗಿಲು ತೆರೆದಿತ್ತು. ಖಾಲಾ ಹೊಸ್ತಿಲಲ್ಲಿ ಕುಳಿತಿದ್ದರು. ಒಳಗಿನಿಂದ ಸುಟ್ಟ ವಾಸನೆ.

“ಹೊಗಿ ಬಂತು ಬೇಟಿ,” ಅಂದರು ಖಾಲಾ ಮೆಲ್ಲಗೆ. “ಇಷ್ಟೇ ಇಷ್ಟು. ಅವಾಗಿಂದ ಟೀಚರಮ್ಮ ಕುಂತಲ್ಲೇ ಕುಂತಾರ.”

ಏನಾಗಿದೆ ಎಂದು ನನಗೆ ಒಳಗೆ ಹೋಗುತ್ತಲೇ ತಿಳಿಯಿತು. ಹಳೆಯ ಆಂಪ್ಲಿಫೈಯರುಗಳಲ್ಲಿ ಎರಡು ಸ್ಪೀಕರಿಗೆ ಮೂರೇ ತಂತಿ ಸಾಕಾಗುತ್ತಿತ್ತು. ಎಡಕ್ಕೊಂದು, ಬಲಕ್ಕೊಂದು, ಎರಡಕ್ಕೂ ಸೇರಿ ಒಂದು ಕಪ್ಪು ತಂತಿ. ಆ ಕಪ್ಪನ್ನು ಪೆಟ್ಟಿಗೆಯ ಮೈಗೇ ಸ್ಕ್ರೂ ಹಾಕಿ ಬಿಗಿಯುವುದು ವಾಡಿಕೆ. ನಮ್ಮ ಕಡೆಯ ಎಲ್ಲ ಮನೆಗಳಲ್ಲೂ, ಮದುವೆಯ ಪೆಂಡಾಲುಗಳಲ್ಲೂ ಹಾಗೇ ಮಾಡುತ್ತಿದ್ದರು. ಈ ಹೊಸ ಹಲಗೆಗೆ ಮಾತ್ರ ಅದು ವಿಷ. ಇದರಲ್ಲಿ ಕಪ್ಪು ತಂತಿಯಲ್ಲೂ ಕರೆಂಟಿರುತ್ತದೆ. ಒಂದೊಂದು ಸ್ಪೀಕರಿಗೆ ಬೇರೆ ಬೇರೆ ಜೋಡಿ ತಂತಿ ಬೇಕು, ಯಾವುದೂ ಡಬ್ಬಿಗೆ ತಾಗಬಾರದು. ಇದನ್ನು ಮಾತಾಡಿಕೊಂಡೂ ಇದ್ದೆವು. ಆದರೆ ಆ ಬೆಳಿಗ್ಗೆ ಅವರ ಕೈ ತನಗೆ ರೂಢಿಯಿದ್ದಂತೆ ನಡೆದಿತ್ತು. ಎರಡು ಕಪ್ಪನ್ನೂ ಹೊಸೆದು ಡಬ್ಬಿಗೆ ಬಿಗಿದಿದ್ದರು. ಇಂಡಿಕೇಟರ್ ಬಲ್ಬಿನ ಮರಿಹಲಗೆ ಮೂಲೆಯಲ್ಲಿತ್ತು.

ಟೀಚರ್ ನೆಲದ ಮೇಲೆ ಕುಳಿತಿದ್ದರು.

“ಬಲ್ಬಿಗಿ ಕೇಳಲಿಲ್ಲ ನಾ.”

ನಾನು ಸ್ಕ್ರೂ ಬಿಚ್ಚಿ ಎರಡು ಕಪ್ಪು ತಂತಿಗಳನ್ನೂ ಬಿಡಿಸತೊಡಗಿದೆ.

“ಕೇಳೂದ್ರಾಗ ಕಿವಿ ಮುಚ್ಚಿಕೊಂಡ್ರ ಅಂತ ಅಂಜಿಕಿ ಬಂತು.”

ಹೊಸ ಹಲಗೆ ತರಿಸಬೇಕೆಂದರೆ ದಿನಗಳು ಬೇಕು. ಅದು ಇಬ್ಬರಿಗೂ ಗೊತ್ತಿತ್ತು. ಅವರು ಎದ್ದು ಮುಖ ತೊಳೆದು ಬಂದರು. ಬರುವಾಗ ಕೈಯಲ್ಲಿ ಕೀಲಿಗೊಂಚಲಿತ್ತು. ತೆರೆದ ಕಿವಿಯನ್ನು ಸುಮ್ಮನೆ ಯಾಕೆ ಕಳೆಯಬೇಕು ಅಂದರು. ಕಣ್ಣು ಮುಚ್ಚಿ ಕುಳಿತರು. ನಾನು ಎಡಕ್ಕೆ ಹೋದೆ, ಬೆರಳು ಎಡಕ್ಕೆ ಬಂತು. ಹಿಂದೆ ಹೋದೆ, ಹಿಂದೆ ತೋರಿಸಿದರು. ಕಿಟಕಿ ಅಂದರೆ ಕಿಟಕಿ. ಆಮೇಲೆ ಅವರಿಗೆ ಹುಮ್ಮಸ್ಸು ಬಂತು.

“ಖಾಲಾ, ಓಣಿಗಿ ಹೋಗಿ ಎಡಕ್ಕ ನಿಂತು ನನಗ ಬಯ್ರಿ ನೋಡೂಣು.”

ಖಾಲಾ ಇದಕ್ಕಾಗಿಯೇ ವರ್ಷಗಟ್ಟಲೆ ಕಾದಿದ್ದವರಂತೆ ಎದ್ದರು. ಮೊದಲು ಕನ್ನಡದಲ್ಲಿ, ಆಮೇಲೆ ತಮ್ಮ ಮನೆಮಾತಿನಲ್ಲಿ, ರೊಟ್ಟಿಯಿಂದ ಹಿಡಿದು ಬಿಗುಮಾನದವರೆಗೆ ಎಲ್ಲವನ್ನೂ ಕಿಟಕಿಯ ಆಚೆಯಿಂದ ಎತ್ತಿ ಆಡಿದರು. ಟೀಚರ್ ಕಣ್ಣು ಮುಚ್ಚಿಕೊಂಡೇ ದನಿ ಸರಿದತ್ತ ಬೆರಳು ಸರಿಸುತ್ತ ಹೋದರು. ನಗುತ್ತಿದ್ದರು. ನಾನು ಅವರನ್ನು ಹಾಗೆ ಕಂಡದ್ದು ಅದೊಂದೇ ಮಧ್ಯಾಹ್ನ. ಸಂಜೆಯ ಹೊತ್ತಿಗೆ ಎಡಗಡೆ ನಿಂತ ಖಾಲಾ ಟೀಚರರ ಕಿವಿಗೆ ಮತ್ತೆ ಬಲಕ್ಕೆ ಬಂದಿದ್ದರು.

ಹೊಸ ಹಲಗೆ ಬಂತು. ನಾಲ್ಕು ತಂತಿ ಎಳೆದೆವು, ಬಲ್ಬಿಗೆ ಕೇಳಿದೆವು, ಬಲ್ಬು ಸುಮ್ಮನಿತ್ತು. ಹಾಡು ಚೆನ್ನಾಗಿಯೇ ಬಂತು. ವಚನ ಗಾಯನ, ಬಲಕ್ಕೆ ತಬಲಾ, ಎಡಕ್ಕೆ ತಂಬೂರಿ, ನಡುವೆ ಒಬ್ಬ ಹೆಂಗಸಿನ ದನಿ. ನನಗೆ ಆಕೆ ಗೂಡಿನಲ್ಲೇ ನಿಂತಿದ್ದಳು. ಟೀಚರ್ ಬಲಗಡೆಯ ಸ್ಪೀಕರನ್ನು ನೋಡುತ್ತಿದ್ದರು. ಕಿವಿ ತೆರೆಯುವ ದಿನಕ್ಕಾಗಿ ಕಾಯೋಣವೆಂದೆ. ಕೆಲವು ವಾರ ಕಾದೆವು. ಅಂಥ ದಿನ ಮತ್ತೆ ಬರಲಿಲ್ಲ.

“ಕಿವಿ ಬರಂಗಿಲ್ಲ ಅಂದ್ರ ಬ್ಯಾಡ,” ಅಂದರು ಒಂದು ಭಾನುವಾರ. “ನಾವ ಸರಿಯೂಣು.”

ಎಡಗಡೆಯ ಗುಂಡಿ ಬಂದದ್ದು ಹಾಗೆ. ಒಂದು ಬದಿಯ ದನಿ ಇಳಿಸಿ ಇನ್ನೊಂದು ಬದಿಯದನ್ನು ಮುಂದೆ ತರುವ ಸರಳ ಗುಂಡಿ. ನಾನು ಹಚ್ಚಿಕೊಟ್ಟೆ. ಅವರು ತಮ್ಮ ಬೆತ್ತದ ಕುರ್ಚಿಯಲ್ಲಿ ಗೂಡಿಗೆ ನೇರವಾಗಿ ಕುಳಿತು, ಗುಂಡಿಯನ್ನು ಎಡಕ್ಕೆ ಕೂದಲೆಳೆಯಷ್ಟು ತಿರುಗಿಸುತ್ತ ಹೋದರು. ಒಂದು ಕಡೆ ಕೈ ನಿಂತಿತು. ಇನ್ನೊಂದು ಕೈಯ ಬೆರಳು ನಿಧಾನವಾಗಿ ಎದ್ದು ಗೂಡನ್ನು ತೋರಿಸಿತು.

“ಬಂದಳು.”

ಹಾಡು ಮುಗಿಯುವವರೆಗೆ ಆ ಬೆರಳು ಇಳಿಯಲಿಲ್ಲ. ಮುಗಿದ ಮೇಲೆ ನನಗೆ ಎಲ್ಲಿ ಕೇಳಿಸಿತು ಎಂದು ವಿಚಾರಿಸಿದರು. ಸುಳ್ಳು ಹೇಳಬಹುದಿತ್ತು. ಆದರೆ ಅವರ ಮುಂದೆ ಪ್ರಯೋಗದ ಫಲಿತಾಂಶ ಬದಲಿಸುವುದು ಆಗದ ಮಾತು. ಗೂಡಿಗೂ ಎಡಗಡೆಯ ಸ್ಪೀಕರಿಗೂ ನಡುವೆ ಗೋಡೆಯ ಒಂದು ಜಾಗ ತೋರಿಸಿದೆ.

“ಹಾಂ,” ಅಂದರು. “ಅಷ್ಟು ಹೋಗ್ಯದ ಅಂದಂಗಾತು.”

ಪೆಟ್ಟಿಗೆಯಿಂದ ಉಗುರುಬಣ್ಣ ತೆಗೆದು ಗೆರೆ ನಿಂತಲ್ಲಿ ಮೊದಲ ಚುಕ್ಕೆ ಇಟ್ಟರು.

ಆಮೇಲೆ ನಾನು ಬಿಡುವಾದಾಗಲೆಲ್ಲ ಹೋಗುತ್ತಿದ್ದೆ. ಶುಂಠಿಯ ಅಲೆಪಾಕ್, ಚುರುಮುರಿ, ಚಹಾ, ಮತ್ತೆ ಹಾಡು. ಬೆತ್ತದ ಕುರ್ಚಿಯಲ್ಲಿ ನನ್ನನ್ನು ಕೂರಗೊಡುತ್ತಿರಲಿಲ್ಲ. ನನಗೆ ಪಕ್ಕದ ಸ್ಟೂಲು. ಅವರಿಗೆ ಹಾಡುವಾಕೆ ಎಂದೂ ಗೂಡಿನಲ್ಲೇ ಇದ್ದಳು. ನನಗೆ ಮಾತ್ರ ಪ್ರತಿ ಸಲವೂ ಆಕೆ ಎಡಗಡೆಯ ಡಬ್ಬಿಗೆ ಇನ್ನಷ್ಟು ಹತ್ತಿರವಾಗುತ್ತಿದ್ದಳು. ಚುಕ್ಕೆಗಳ ನಡುವಿನ ಅಂತರ ಹೆಚ್ಚಾಗುತ್ತಿತ್ತು. ಎಲ್ಲಿ ಕೇಳಿಸಿತು ಎಂದು ಕೇಳುವುದನ್ನು ಅವರು ಯಾವಾಗಲೋ ನಿಲ್ಲಿಸಿದರು. ಉಗುರುಬಣ್ಣ ಒಣಗಿತೆಂದು ಒಮ್ಮೆ ಖಾಲಾ ಹೇಳಿದರು. ಹೊಸದು ತರಲೇ ಎಂದು ಟೀಚರನ್ನು ಕೇಳಿದೆ. ಕಿತ್ತುಕೊಂಡದ್ದೇ ಆಗಬೇಕು, ಕೊಂಡದ್ದು ನಿಲ್ಲುವುದಿಲ್ಲ ಅಂದರು.

ತೀರಿಹೋದ ಮೇಲೆ ಅವರ ತಮ್ಮ ಬಂದು ಮನೆ ಖಾಲಿ ಮಾಡಿಸಿದರು. ಡಬ್ಬಿಯನ್ನೂ ಸ್ಪೀಕರುಗಳನ್ನೂ ಖಾಲಾ ತಮ್ಮ ಹೊಲಿಗೆ ಯಂತ್ರದ ಪಕ್ಕ ಎತ್ತಿಟ್ಟಿದ್ದರು. ನಾನು ಹೋದಾಗ, ಕಲ್ಯಾಣದ ಹುಡುಗಿಗೆ ಎಂದು ಟೀಚರಮ್ಮ ಮೊದಲೇ ಹೇಳಿಟ್ಟಿದ್ದರು ಅಂದರು. ಒಂದು ಮಾತು ಕೂಡಿಸಿದರು.

“ಗುಂಡಿ ಯಾರಿಗೂ ಮುಟ್ಟಗೊಟ್ಟಿಲ್ಲ ಬೇಟಿ. ನಮ್ಮನಿ ಮಕ್ಕಳಿಗೂ.”

ಆ ಸಂಜೆ ಕಲ್ಯಾಣದ ನನ್ನ ಕೋಣೆಯಲ್ಲಿ ಎಲ್ಲವನ್ನೂ ಜೋಡಿಸಿದೆ. ನಾಲ್ಕು ತಂತಿ. ಮೊದಲು ಬಲ್ಬಿಗೆ ಕೇಳಿದೆ, ಅದು ಸುಮ್ಮನಿತ್ತು. ಅದೇ ಹಾಡು ಹಾಕಿದೆ. ಹೆಂಗಸಿನ ದನಿ ಬಹುಪಾಲು ಎಡಗಡೆಯ ಡಬ್ಬಿಯೊಳಗೇ ಇತ್ತು, ಬಲಗಡೆ ತಬಲಾ ಬಹಳ ದೂರದಲ್ಲೆಲ್ಲೋ. ಕೈ ತಾನಾಗಿ ಎಡ ಗುಂಡಿಗೆ ಹೋಯಿತು. ಮೇಲಿನ ಮೊದಲ ಚುಕ್ಕೆಯ ಆಚೆ, ನಟ್ಟನಡುವೆ ತಂದರೆ ನನಗೆ ಎಲ್ಲ ಸರಿಯಾಗಿ ಕೇಳಿಸುತ್ತಿತ್ತು. ಆಗಲೇ ನೋಡಿದ್ದು, ಬಿಳಿ ಗೆರೆ ಕೊನೆಯ ಚುಕ್ಕೆಯನ್ನು ದಾಟಿ ನಿಂತಿರುವುದನ್ನು. ಅವರು ಕೊನೆಯ ಸಲ ಆಕೆಯನ್ನು ಗೂಡಿಗೆ ತಂದು ನಿಲ್ಲಿಸಿದ ಜಾಗ ಅದು. ಅದಕ್ಕೆ ಆ ಗುಂಡಿಯ ನಿಲುವಿನ ಹೊರತು ಬೇರೆ ಗುರುತಿಲ್ಲ. ಪೆನ್ನಿನಿಂದ ಒಂದು ಗೆರೆ ಎಳೆದು ತಿರುಗಿಸಬಹುದಿತ್ತು. ಕೈ ತೆಗೆದೆ. ಹಾಡು ನಿಲ್ಲಿಸಿ ಮಲಗಿದೆ.

ಮರುದಿನ ಬೆಳಿಗ್ಗೆ ಕಾಲೇಜಿಗೆ ಹೊರಡುವ ಮೊದಲು ಹಾಡು ಹಾಕಿ, ಗುಂಡಿಯನ್ನು ಮುಟ್ಟದೆ, ನನ್ನ ಕುರ್ಚಿಯನ್ನು ಬಲಕ್ಕೆ ಎಳೆದೆ. ಕುಳಿತು ಕೇಳಿದೆ, ಎದ್ದು ಮತ್ತೆ ಎಳೆದೆ. ಬಲಗಡೆಯ ಸ್ಪೀಕರಿನ ಸಮೀಪ, ಕುರ್ಚಿಯ ಕೈ ಗೋಡೆಗೆ ತಾಗುವಷ್ಟು ಮೂಲೆಗೆ ಬಂದಾಗ, ಎರಡು ಸ್ಪೀಕರುಗಳ ನಡುವೆ, ಏನೂ ಇಲ್ಲದ ಗೋಡೆಯ ಮುಂದೆ ಆಕೆ ಬಂದು ನಿಂತಳು. ಅಲ್ಲೇ ಕುಳಿತು ಹಾಡು ಮುಗಿಯುವವರೆಗೆ ಕೇಳಿದೆ.